ಸದ್ಯಕ್ಕೆ ಹಾಕಿದ್ದು

ಶನಿವಾರ ಊಟ ಮುಗಿಸಿ ಅಪ್ಪ ಮಗಳು ಬೈಕಿನ ಮುಂದೆ ಕೂತಾಗ ಇದು ಅರ್ಧ ಗಂಟೆಯ ಕೆಲಸ ಎಂದೇ ಮನೆಯವರೆಲ್ಲ ಅಂದುಕೊಂಡಿದ್ದರು. ಅಮ್ಮ ಹೊಲಿಗೆ ಮೆಷಿನ್ನಿನ ಮೇಲೆ ಮಗಳ ಹೊಸ ಯೂನಿಫಾರ್ಮ್ ಹರಡಿಕೊಂಡು, ಅವರು ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಕಾಲರ್ ಮುಗಿಸಿಬಿಡೋಣ ಎಂದು ಕೂತಿದ್ದಳು. ಕಾಲರ್ ಮುಗಿಯಿತು, ಎರಡು ತೋಳೂ ಕೂತವು, ಜೇಬೂ ಕೂತಿತು. ಅಂಗಳದಲ್ಲಿ ಸುತ್ತಿಗೆಯ ಸದ್ದು ಮಾತ್ರ ನಿಲ್ಲಲಿಲ್ಲ.

ಅವಳು ಕೂತಲ್ಲಿಂದ ಕಿಟಕಿಯಲ್ಲಿ ಎಲ್ಲ ಕಾಣುತ್ತಿತ್ತು. ತಗಡಿನ ಚಪ್ಪರದ ಕೆಳಗೆ ಹಳೇ ಬೈಕು ನಡು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಹಿಂದಿನ ಚಕ್ರದ ದೊಡ್ಡ ಸ್ಪ್ರಾಕೆಟ್ ಹೊಸದಾಗಿ ಹೊಳೆಯುತ್ತಿತ್ತು. ಹೊಸ ಚೈನು ಎಣ್ಣೆಕಾಗದ ಸುತ್ತಿಕೊಂಡು ಮೆಟ್ಟಿಲ ಮೇಲೆ ತನ್ನ ಸರದಿ ಕಾಯುತ್ತಿತ್ತು. ಉಳಿದದ್ದು ಮುಂದಿನ ಸ್ಪ್ರಾಕೆಟ್ ಒಂದೇ. ಎಡಗಾಲು ಇಡುವ ಜಾಗದ ಪಕ್ಕ, ಇಂಜಿನ್ನಿನಿಂದ ಹೊರಗೆ ಚಾಚಿದ ಶಾಫ್ಟಿನ ತುದಿಯಲ್ಲಿ ಕೂತ ಚಿಕ್ಕ ಹಲ್ಲುಚಕ್ರ ಅದು. ಅದರ ಹಲ್ಲುಗಳೆಲ್ಲ ಸವೆದು ಕೊಕ್ಕೆಯ ಹಾಗೆ ಬಾಗಿದ್ದವು. ಏರು ಬಂದಾಗಲೆಲ್ಲ ಚೈನು ಟಕ್ ಟಕ್ ಎಂದು ಹಾರುತ್ತಿದ್ದುದು ಅದರಿಂದಲೇ. ಹಳೆಯದನ್ನು ಎಳೆದು ಹೊಸದನ್ನು ತೂರಿಸಿದರೆ ಮುಗಿಯಿತು. ಆದರೆ ಹಳೆಯದು ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ.

"ಇನ್ನೊಂದು ಸ್ವಲ್ಪ ಎಣ್ಣೆ ಬಿಡು, ಮರಿ," ಎಂದರು ಮೇಸ್ತ್ರಿ. ಅವರು ಮಡಚುವ ಕುರ್ಚಿಯ ಮೇಲೆ ಕೂತು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು.

"ಅಪ್ಪ, ಈ ಎಣ್ಣೆಯಲ್ಲಿ ನಾವು ಒಂದು ವಾರ ಒಗ್ಗರಣೆ ಹಾಕಬಹುದಿತ್ತು."

"ಬಿಡು ಅಂದ್ರೆ ಬಿಡು. ಎಣ್ಣೆ ನಿಧಾನಕ್ಕೆ ಇಳೀಬೇಕು. ಕಬ್ಬಿಣದ ಹತ್ರ ಜಗಳ ಆಡೋಕಾಗಲ್ಲ."

"ನಾನೆಲ್ಲಿ ಜಗಳ ಆಡ್ತಿದೀನಿ? ಅದೇ ಆಡ್ತಿದೆ."

ಮಗಳು ಮರದ ತುಂಡು ಅಡ್ಡ ಇಟ್ಟು ಮತ್ತೆ ನಾಲ್ಕು ಏಟು ಕೊಟ್ಟಳು. ಬೈಕು ನಡುಗಿತು, ಕನ್ನಡಿ ನಡುಗಿತು, ಸ್ಪ್ರಾಕೆಟ್ ಮಾತ್ರ ಕಲ್ಲಿನ ಹಾಗೆ ಇತ್ತು.

ಈ ಹಳೇ ಬೈಕಿನ ಮೇಲೆ ಮಗಳ ಕೆಲಸ ನಿಂತಿತ್ತು. ಎರಡು ವರ್ಷ ಕಾದಮೇಲೆ ಬಂದ ಕೆಲಸ. ಬಾಣಂತಿಯರ ಮನೆಗೆ ಹೋಗಿ ತಾಯಿಯನ್ನೂ ಮಗುವನ್ನೂ ನೋಡಿಕೊಂಡು ಬರುವ ದಾದಿಯ ಕೆಲಸ. ಒಂಬತ್ತು ಹಳ್ಳಿ ಅವಳ ಪಾಲಿಗೆ ಬಂದಿದ್ದವು, ಅದರಲ್ಲಿ ಆರಕ್ಕೆ ಬಸ್ಸಿಲ್ಲ. ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಸ್ವಂತ ವಾಹನದೊಂದಿಗೆ ಆರೋಗ್ಯ ಕೇಂದ್ರಕ್ಕೆ ಹಾಜರಾಗಬೇಕು, ವಾಹನವನ್ನು ಅಂದೇ ನೋಡಿ ನಂಬರ್ ಬರೆದುಕೊಳ್ಳುತ್ತಾರೆ, ತಪ್ಪಿದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಕೆಲಸ ಹೋಗುತ್ತದೆ. ಇಷ್ಟೂ ಕಾಗದದಲ್ಲಿ ಸ್ಪಷ್ಟವಾಗಿ ಇತ್ತು. ಅಮ್ಮ ಆ ಕಾಗದವನ್ನು ಮೆಷಿನ್ನಿನ ಪೆಟ್ಟಿಗೆಯಲ್ಲಿ, ಒಳ್ಳೆಯ ಕತ್ತರಿಯ ಕೆಳಗೆ ಇಟ್ಟಿದ್ದಳು. ದಿನಕ್ಕೆ ಎರಡು ಸಲವಾದರೂ ತೆಗೆದು ಓದುತ್ತಿದ್ದಳು, ಅಕ್ಷರಗಳು ಜಾಗ ಬದಲಾಯಿಸಿವೆಯೇನೋ ಎಂಬಂತೆ.

ಮೇಸ್ತ್ರಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವರು. ಕೈ ನಡುಗಲು ಶುರುವಾದ ಮೇಲೆ, ಎರಡು ವರ್ಷದ ಹಿಂದೆ ಅಂಗಡಿ ಮುಚ್ಚಿದ್ದರು. ಬೀದಿಯವರಿಗೆಲ್ಲ ಅವರು 'ಸದ್ಯಕ್ಕೆ ಮೇಸ್ತ್ರಿ'. ಹೆಸರು ಸುಮ್ಮನೆ ಬಂದದ್ದಲ್ಲ. ಗಿರಾಕಿಗಳ ಕೆಲಸವನ್ನು ಅವರು ಅಚ್ಚುಕಟ್ಟಾಗಿ ಮಾಡಿ ಮುಗಿಸುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಸ್ವಂತ ಮನೆಯದು ಬಂದರೆ ಮಾತ್ರ ಒಂದು ಚುಕ್ಕೆ ವೆಲ್ಡ್ ಹಾಕಿ "ಸದ್ಯಕ್ಕೆ ಇರಲಿ, ಆಮೇಲೆ ಸರಿ ಮಾಡ್ತೀನಿ" ಅನ್ನುವುದು. ಗೇಟಿನ ಕೀಲು ಸದ್ಯಕ್ಕೆ. ಬಟ್ಟೆ ಒಣಗಿಸುವ ತಂತಿಯ ಕೊಕ್ಕೆ ಸದ್ಯಕ್ಕೆ. ನೀರಿನ ಡ್ರಮ್ಮಿನ ಹಿಡಿ, ಸ್ಟೂಲಿನ ಮೂರನೇ ಕಾಲು, ಒಲೆಯ ಕಂಬಿ, ಎಲ್ಲ ಸದ್ಯಕ್ಕೆ. ಅಮ್ಮನ ಹೊಲಿಗೆ ಮೆಷಿನ್ನಿನ ಪೆಡಲ್ ಕೂಡ ಹತ್ತೊಂಬತ್ತು ವರ್ಷದಿಂದ ಸದ್ಯಕ್ಕೆ ನಡೆಯುತ್ತಿತ್ತು. ಒಂದೂ ಬಿಟ್ಟುಕೊಂಡಿರಲಿಲ್ಲ ಅನ್ನುವುದು ಬೇರೆ ಮಾತು. "ನಮ್ಮ ಮದುವೆಯನ್ನಾದರೂ ಪೂರ್ತಿ ಮಾಡ್ಕೊಂಡಿದೀರೋ, ಅದೂ ಸದ್ಯಕ್ಕೋ?" ಎಂದು ಅಮ್ಮ ಕೇಳುವುದಿತ್ತು. ಅವರು ಮೀಸೆಯೊಳಗೆ ನಗುತ್ತಿದ್ದರು.

ಸಂಜೆ ಐದಕ್ಕೆ ಪಾನಾ ಬಂದ. ಇವನು ಒಂದು ಕಾಲಕ್ಕೆ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವನು, ಈಗ ಬೀದಿಯ ತುದಿಯಲ್ಲಿ ಸ್ವಂತ ಗ್ಯಾರೇಜಿಟ್ಟಿದ್ದ. ನಲವತ್ತು ದಾಟಿ ಹೊಟ್ಟೆ ಬಂದಿದ್ದರೂ ಹಿಂದಿನ ಜೇಬಿನಲ್ಲಿ ಸದಾ ಒಂದು ಪಾನಾ, ಅಂದರೆ ಸ್ಪ್ಯಾನರ್, ಸಿಕ್ಕಿಸಿಕೊಂಡೇ ಓಡಾಡುವುದರಿಂದ ಬಂದ ಹೆಸರು. ಕುರ್ಚಿಯಲ್ಲಿ ಕೂತರೆ ಚುಚ್ಚುತ್ತದೆ ಎಂದು ಎಲ್ಲಿ ಹೋದರೂ ನಿಂತೇ ಇರುತ್ತಿದ್ದ.

"ಏನು ಸಿಸ್ಟರೇ, ಪೇಷೆಂಟ್ ಹೇಗಿದೆ?" ಎಂದ, ಮಗಳನ್ನು ನೋಡಿ.

"ಬಾಯೇ ಬಿಡ್ತಿಲ್ಲ, ಪಾನಾ ಮಾಮ."

ಅವನು ಬಗ್ಗಿ ನೋಡಿದ. ಮೂಗಿನಿಂದ ಉಸಿರು ಬಿಟ್ಟ. "ಇದನ್ನ ಹಿಡ್ಕೊಳ್ಳೋಕೆ ಎರಡು ಬೋಲ್ಟಿನ ಒಂದು ತಟ್ಟೆ ಇರುತ್ತಲ್ಲ, ಅದೆಲ್ಲಿ?"

"ನಾನು ಬಿಚ್ಚಿಲ್ಲ. ಇರಲೇ ಇಲ್ಲ."

"ತಟ್ಟೆನೂ ಇಲ್ಲ, ಬೋಲ್ಟೂ ಇಲ್ಲ. ಹಾಗಾದ್ರೆ ಇಷ್ಟು ದಿನ ಇದನ್ನ ಹಿಡ್ಕೊಂಡಿದ್ದು ಏನು, ಮೇಸ್ತ್ರಿ?"

"ತುಕ್ಕು," ಎಂದರು ಮೇಸ್ತ್ರಿ. "ಹಳೇ ತುಕ್ಕು."

ಪಾನಾ ಒಂದು ಸ್ಕ್ರೂ ಡ್ರೈವರ್ ತೆಗೆದು ನಡುವಿನ ಕೊಳೆಯನ್ನು ಕೆರೆಯಲು ಹೋದ. ಗ್ರೀಸು, ದಾರಿಯ ಧೂಳು, ಡಾಂಬರು ಎಲ್ಲ ಸೇರಿ ಶಾಫ್ಟಿನ ಸುತ್ತ ಒಂದು ಕರಿ ಉಂಡೆ ಕಟ್ಟಿತ್ತು.

"ನಡುವೆ ಕೆರೀಬೇಡವೋ," ಎಂದರು ಮೇಸ್ತ್ರಿ. ದನಿ ಸ್ವಲ್ಪ ಗಟ್ಟಿಯಾಗಿತ್ತು. "ಒಳಗೆ ಆಯಿಲ್ ಸೀಲ್ ಇದೆ. ಚುಚ್ಚಿದ್ರೆ ಇಂಜಿನ್ ಎಣ್ಣೆ ಸೋರುತ್ತೆ, ಇನ್ನೊಂದು ಕೆಲಸ. ಪುಲ್ಲರ್ ಹಾಕು."

ಗುರು ಹೇಳಿದಮೇಲೆ ಮುಗಿಯಿತು. ಪಾನಾ ಸ್ಕ್ರೂ ಡ್ರೈವರ್ ಒಳಗಿಟ್ಟು ಪುಲ್ಲರ್ ತೆಗೆದ. ಎರಡು ಕಾಲಿನಿಂದ ಸ್ಪ್ರಾಕೆಟ್ಟನ್ನು ತಬ್ಬಿ ಹಿಡಿದು, ನಡುವಿನ ಸ್ಕ್ರೂ ಬಿಗಿಯುತ್ತ ಹೋದರೆ ತಾನಾಗಿ ಹೊರಗೆ ಎಳೆಯುವ ಸಾಮಾನು ಅದು. ಬಿಗಿದ. ಇನ್ನೂ ಬಿಗಿದ. ಮಗಳು ಬೈಕನ್ನು ಹಿಡಿದುಕೊಂಡಳು. ಕೊನೆಗೆ ಠಣ್ ಎಂದು ಸದ್ದಾಯಿತು. ಬಂತು ಎಂದು ಮೂವರೂ ಮುಖ ಅರಳಿಸಿದರು. ಬಂದಿದ್ದು ಸ್ಪ್ರಾಕೆಟ್ಟಿನ ಒಂದು ಹಲ್ಲು.

"ಹಲ್ಲು ಕಿತ್ತಿದೀವಿ, ಸಿಸ್ಟರೇ," ಎಂದ ಪಾನಾ ಹಣೆ ಒರೆಸಿಕೊಳ್ಳುತ್ತ. "ಇನ್ನು ಆಪರೇಷನ್ನೇ ಗತಿ. ನಾಳೆ ಸಂಜೆ ಗ್ರೈಂಡರ್ ತರ್ತೀನಿ, ಚಕ್ರನ ಎರಡು ಹೋಳು ಮಾಡಿ ತೆಗೆಯೋಣ. ಬೆಳಗ್ಗೆ ನಂಗೆ ಬೇರೆ ಕಡೆ ಕೆಲಸ ಇದೆ."

"ಶಾಫ್ಟಿಗೆ ತಾಗಿದ್ರೆ?" ಎಂದಳು ಮಗಳು.

"ತಾಗಿದ್ರೆ ಇಂಜಿನ್ ಬಿಚ್ಚಬೇಕು. ಎರಡು ವಾರ."

ಮಗಳು ಎದ್ದು ಕೈ ತೊಳೆಯಲು ಹೋದವಳು ಬಹಳ ಹೊತ್ತು ತೊಳೆದಳು. ಅಮ್ಮ ಕಿಟಕಿಯಿಂದ ಗಂಡನ ಮುಖ ನೋಡಿದಳು. ಅವರು ಆ ಕರಿ ಉಂಡೆಯನ್ನೇ ನೋಡುತ್ತಿದ್ದರು.

ಊಟಕ್ಕೆ ಕೂತಾಗ ಅವರು ಅನ್ನವನ್ನು ಕಲಸಿದರು, ಮತ್ತೆ ಕಲಸಿದರು, ತಿನ್ನಲಿಲ್ಲ. ಹಾಸಿಗೆ ಹಾಸುವಾಗ ಅಮ್ಮನ ತಲೆಯಲ್ಲಿ ಒಂದು ಮಾತು ಗೂಡು ಕಟ್ಟಿತು. ಈ ಮನುಷ್ಯ ಮೂವತ್ತು ವರ್ಷ ಬಾಯಿಪಾಠ ಮಾಡಿಸಿದ್ದು ಏನು? ಮೊದಲು ತೊಳೆ, ಆಮೇಲೆ ನೋಡು, ಆಮೇಲೆ ಕೈ ಹಾಕು. ಕೊಳೆಯ ಮೇಲೆ ಕೆಲಸ ಮಾಡಿದವನನ್ನು ಅಂಗಡಿಯ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಅದೇ ಮನುಷ್ಯ ಇವತ್ತು ಕೆರೆಯಬೇಡ ಅಂದರು. ಇನ್ನೂ ಒಂದು. ಚೈನನ್ನು ಈ ವರ್ಷಗಳಲ್ಲಿ ಎರಡು ಸಲ ಬದಲಾಯಿಸಿದ್ದರು. ಎರಡು ಸಲವೂ ತಾವೇ ಮಾಡಿದ್ದು. ಮುಂದಿನ ಸ್ಪ್ರಾಕೆಟ್ ಇನ್ನೂ ಚೆನ್ನಾಗಿದೆ ಎಂದು ಹೇಳಿ ಅದರ ಮೇಲಿನ ಮುಚ್ಚಳವನ್ನು ಇನ್ನೊಬ್ಬರು ಬಿಚ್ಚಲು ಬಿಟ್ಟಿರಲೇ ಇಲ್ಲ.

ಬಿಚ್ಚಲು ಬಂದ ಬಟ್ಟೆ ಎಲ್ಲೂ ಬಿಟ್ಟುಕೊಳ್ಳದಿದ್ದರೆ ಅಮ್ಮ ಎಳೆಯುವುದಿಲ್ಲ. ತಿರುಗಿಸಿ ಒಳಮೈ ನೋಡುತ್ತಾಳೆ. ಹೊಲಿದವರು ಎಲ್ಲೋ ಒಂದು ಕಡೆ ಗಂಟು ಹಾಕಿರುತ್ತಾರೆ.

ಭಾನುವಾರ ಬೆಳಗ್ಗೆ ಮಗಳು ಬೂಟು ತರಲು ಪೇಟೆಗೆ ಹೋದಳು. ಅಮ್ಮ ಪಾತ್ರೆ ತೊಳೆದಿಟ್ಟು, ಒಂದು ಹಳೇ ಹಲ್ಲುಜ್ಜುವ ಬ್ರಷ್ಷು, ಬಟ್ಟಲಿನಲ್ಲಿ ಸ್ವಲ್ಪ ಸೀಮೆಎಣ್ಣೆ, ಹರಿದ ಬನಿಯನ್ನಿನ ತುಂಡು ತೆಗೆದುಕೊಂಡು ಚಪ್ಪರದ ಕೆಳಗೆ ಬಂದಳು. ಬೈಕಿನ ಪಕ್ಕ ಮಣೆ ಹಾಕಿಕೊಂಡು ಕೂತಳು. ಚುಚ್ಚಲಿಲ್ಲ, ಕೆರೆಯಲಿಲ್ಲ. ಮಗುವಿನ ಕಿವಿಯ ಹಿಂದೆ ತೊಳೆಯುವ ಹಾಗೆ ಸುತ್ತ ಸುತ್ತ ಉಜ್ಜಿದಳು. ಕರಿ ಉಂಡೆ ಮೆತ್ತಗಾಯಿತು, ಪದರ ಪದರವಾಗಿ ಇಳಿಯಿತು. ಕಾಲು ಗಂಟೆಯಲ್ಲಿ ಶಾಫ್ಟಿನ ಗೀರುಗಳು ಕಂಡವು. ಗೀರುಗಳ ಒಂದು ಬದಿಗೆ, ಸ್ಪ್ರಾಕೆಟ್ಟಿಗೂ ಶಾಫ್ಟಿಗೂ ನಡುವೆ, ಕಡಲೆಕಾಳಿನಷ್ಟು ದೊಡ್ಡ ಬೂದು ಚುಕ್ಕೆ. ಎದುರು ಬದಿಗೆ ಇನ್ನೊಂದು.

ಅವಳು ಬಟ್ಟೆಯಿಂದ ಒರೆಸಿ ಬೆಳಕಿಗೆ ಬಗ್ಗಿ ನೋಡಿದಳು. ಚುಕ್ಕೆಯ ಮೇಲೆ ಸಣ್ಣ ಸಣ್ಣ ಬಳೆಗಳು, ಒಂದರ ಮೇಲೊಂದು ಒರಗಿದಂತೆ, ಕೊನೆಯದು ಎಡಕ್ಕೆ ಸ್ವಲ್ಪ ಬಾಲ ಎಳೆದಂತೆ. ಗೇಟಿನ ಕೀಲಿನಲ್ಲಿ ಇದ್ದದ್ದು ಇದೇ. ಪೆಡಲಿನಲ್ಲಿ ದಿನವೂ ಅವಳ ಕಾಲಿಗೆ ತಾಗುವುದು ಇದೇ. ಗಂಡನ ಅಕ್ಷರ ಗುರುತು ಹಿಡಿಯುವುದಕ್ಕಿಂತ ಬೇಗ ಅವಳು ಈ ಬಾಲವನ್ನು ಗುರುತು ಹಿಡಿಯಬಲ್ಲಳು. ಮೇಸ್ತ್ರಿಯ ಅಕ್ಷರ ಅಷ್ಟೇನೂ ಚೆನ್ನಾಗಿರಲಿಲ್ಲ.

"ಸಿಕ್ತಾ?" ಎಂಬ ದನಿ ಹಿಂದಿನಿಂದ ಬಂತು.

ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ.

"ಸಿಕ್ತು," ಎಂದಳು ಅಮ್ಮ. ತಿರುಗಿ ನೋಡಲಿಲ್ಲ. ಬ್ರಷ್ಷನ್ನು ಬಟ್ಟಲಿನ ಅಂಚಿಗೆ ಒರಗಿಸಿದಳು. "ನಿನ್ನೆ ಹೇಳಬಹುದಿತ್ತಲ್ಲ, ರೀ. ಹುಡುಗಿ ಅಂಗೈ ನೋಡಿದೀರಾ? ಬೊಬ್ಬೆ ಎದ್ದಿದೆ."

ಮೇಸ್ತ್ರಿ ಬಂದು ಮಡಚುವ ಕುರ್ಚಿಯ ಮೇಲೆ ಕೂತರು. ಬಲಗೈ ನಡುಗುತ್ತಿತ್ತು. ಎಡಗೈ ಬಂದು ಹಿಡಿದುಕೊಂಡಿತು.

"ಪುಲ್ಲರ್ ಎಳೆದ್ರೆ ಪಟ್ ಅಂತ ಬಿಟ್ಕೊಳ್ಳುತ್ತೆ ಅಂದ್ಕೊಂಡೆ," ಎಂದರು. "ಎರಡೇ ಚುಕ್ಕೆ. ಯಾರಿಗೂ ಗೊತ್ತಾಗದೆ ಹೋಗ್ತಿತ್ತು. ಅಷ್ಟು ಗಟ್ಟಿ ಕೂತಿರುತ್ತೆ ಅಂತ ನಂಗೇನು ಗೊತ್ತು."

"ಇದರಲ್ಲೂ ಹೊಗಳಿಕೊಳ್ತೀರಲ್ಲ."

ಅವರು ನಗಲಿಲ್ಲ. "ಪಾನಾನ ಒಂದು ತಿಂಗಳು ಅಂಗಡಿಯಿಂದ ಆಚೆ ಹಾಕಿದ್ದು ನೆನಪಿದೆಯಾ?"

ನೆನಪಿತ್ತು. ಹಿಟ್ಟಿನ ಗಿರಣಿಯ ಶಾಫ್ಟಿಗೆ ಪಾನಾ ಬೆಲ್ಟು ತಿರುಗಿಸುವ ಪುಲ್ಲಿಯನ್ನು ವೆಲ್ಡ್ ಮಾಡಿಬಿಟ್ಟಿದ್ದ. ತಿರುಗುವುದಕ್ಕೆ ವೆಲ್ಡ್ ಹಾಕಬಾರದು, ಮುಂದೆ ಬಿಚ್ಚುವವನ ಕೈ ಕಟ್ಟಿಹಾಕಿದ ಹಾಗೆ ಅದು, ಎಂದು ಮೇಸ್ತ್ರಿ ಬೀದಿಗೆ ಕೇಳುವ ಹಾಗೆ ಬೈದು ಅವನನ್ನು ಮನೆಗೆ ಕಳಿಸಿದ್ದರು. ಅವನ ತಾಯಿ ಬಂದು ಅಮ್ಮನ ಹತ್ತಿರ ಕಣ್ಣೀರು ಹಾಕಿದ್ದಳು.

"ಅದಾಗಿ ಮೂರು ತಿಂಗಳಿಗೆ ನಾನು ಇದನ್ನ ಹಾಕಿದ್ದು," ಎಂದರು ಮೇಸ್ತ್ರಿ. "ಸದ್ಯಕ್ಕೆ ಅಂತ. ಮಾರನೇ ದಿನವೇ ತೆಗೆಯೋಣ ಅಂತ. ಹನ್ನೊಂದು ವರ್ಷ ಆಯ್ತು. ಈಗ ಅವನ ಮುಂದೆ ಯಾವ ಬಾಯಲ್ಲಿ ಹೇಳಲಿ?"

ಅಮ್ಮನಿಗೆ ನಗು ಬಂತು, ಪಾಪವೂ ಅನ್ನಿಸಿತು, ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು. ಇದನ್ನು ತಾನೇ ಮಗಳಿಗೆ ಹೇಳಿಬಿಡಬಹುದು, ಎರಡು ಮಾತಿನಲ್ಲಿ ಮುಗಿಯುತ್ತದೆ. ಆದರೆ ಹೆಂಡತಿ ಕಂಡುಹಿಡಿದದ್ದು ಎಂದಾದರೆ ಅವರು ಕದ್ದು ಸಿಕ್ಕಿಬಿದ್ದವರಾಗುತ್ತಾರೆ. ಅವರೇ ಹೇಳಿದರೆ ಆಗ ಮಾತು ಬೇರೆ.

"ಸಂಜೆ ಅವನು ಗ್ರೈಂಡರ್ ತರ್ತಾನೆ," ಎಂದಳು. "ವೆಲ್ಡ್ ಇದೆ ಅಂತ ಗೊತ್ತಿಲ್ಲದೆ ಕೊಯ್ತಾನೆ. ಎರಡು ಹೋಳು ಮಾಡಿದ್ರೂ ಹೋಳು ಬಿಟ್ಕೊಳ್ಳಲ್ಲ. ಇನ್ನೂ ಆಳಕ್ಕೆ ಹೋಗ್ತಾನೆ. ಶಾಫ್ಟಿಗೆ ತಾಗುತ್ತೆ. ಆಮೇಲೆ ಸೋಮವಾರ ಇಲ್ಲ, ಕೆಲಸ ಇಲ್ಲ. ನಾನು ಬಾಯಿ ಬಿಡಲ್ಲ. ನೀವೇ ಹೇಳಿ. ಆದ್ರೆ ಅವಳು ಬೂಟು ತಗೊಂಡು ಬರೋದ್ರೊಳಗೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಹೇಳಿ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು. ಬೇಳೆ ಆರಿಸಿದಳು. ಕಿವಿ ಮಾತ್ರ ಅಂಗಳದಲ್ಲೇ ಇತ್ತು. ಗೇಟಿನ ಸದ್ಯಕ್ಕೆ ಕೀಲು ಕಿರ್ರೆಂದಿತು. ಮಗಳ ಹೆಜ್ಜೆ. ಆಮೇಲೆ ಮೇಸ್ತ್ರಿಯ ಗಂಟಲು ಸರಿಮಾಡಿಕೊಳ್ಳುವ ಸದ್ದು, ಒಂದು ಸಲ, ಎರಡು ಸಲ.

"ಮರಿ, ಬಾ ಇಲ್ಲಿ. ಬೂಟು ಆಮೇಲೆ ತೋರಿಸುವಂತೆ. ಇದು ತುಕ್ಕಲ್ಲ. ನೋಡು. ನಾನೇ ಹಾಕಿದ ವೆಲ್ಡು. ನಿನ್ನೆ ಹೇಳಲಿಲ್ಲ."

ಬೇಳೆಯಲ್ಲಿ ಒಂದು ಕಲ್ಲು ಸಿಕ್ಕಿತು, ಅಮ್ಮ ಅದನ್ನು ಪಕ್ಕಕ್ಕಿಟ್ಟಳು.

"ಅಪ್ಪ," ಎಂದಳು ಮಗಳು ಕೊನೆಗೆ. "ನಿನ್ನೆ ನಾನು ಈ ಬೈಕಿಗೆ ಎಷ್ಟು ಬೈದೆ ಗೊತ್ತಾ? ಅದೆಲ್ಲ ಈಗ ನಿನ್ನ ಲೆಕ್ಕಕ್ಕೆ."

"ಹಾಕ್ಕೊಳ್ಳಮ್ಮ. ಹಾಕ್ಕೊಳ್ಳೋದೇ."

ಅಮ್ಮ ಬೇಳೆಯನ್ನು ಪಾತ್ರೆಗೆ ಸುರಿದಳು.

ಊಟವಾದ ಮೇಲೆ ಕೆಲಸ ಹೇಗೆ ಮಾಡುವುದು ಎಂಬ ಮಾತು ಬಂತು. ಗ್ರೈಂಡರ್ ಇಷ್ಟು ಸಣ್ಣ ಜಾಗಕ್ಕೆ ಹೋಗದು, ಹೋದರೂ ಒಂದು ಕ್ಷಣ ಜಾರಿದರೆ ಶಾಫ್ಟನ್ನು ತಿಂದುಬಿಡುತ್ತದೆ. ಉಳಿದದ್ದು ಕೈಯಿಂದ ಉಜ್ಜಿ ಸವೆಸುವ ಅರ. ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಮೂರು ಮೂಲೆಯ ಸಣ್ಣ ಅರ ಒಂದಿತ್ತು. ಮಗಳು ತೆಗೆದುಕೊಂಡು ಗರಗರ ಉಜ್ಜಿದಳು. ಎರಡನೇ ನಿಮಿಷಕ್ಕೇ ಅರ ಜಾರಿ ಶಾಫ್ಟಿನ ಮೇಲೆ ಕೂದಲೆಳೆಯಂಥ ಗೀರು ಬಿತ್ತು.

"ನಿಲ್ಲು ನಿಲ್ಲು," ಎಂದರು ಮೇಸ್ತ್ರಿ. ಅರವನ್ನು ಈಸಿಕೊಂಡು ತಾವೇ ಚುಕ್ಕೆಯ ಮೇಲೆ ಇಟ್ಟರು. ಅರದ ತುದಿ ಕಂಪಿಸಿತು, ಚುಕ್ಕೆಯ ಮೇಲಿಂದ ಆಚೆ ಈಚೆ ಓಡಾಡಿತು. ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. "ನನ್ನ ಕೈ ಹೀಗೆ. ಇವಳಿಗೆ ಆತುರ." ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಏ ಇವಳೇ, ಬಾ ಇಲ್ಲಿ. ನಿನ್ನ ಕೆಲಸ ಇದು," ಎಂದರು.

"ನಂದಾ? ಕಬ್ಬಿಣ ಯಾವತ್ತು ಮುಟ್ಟಿದೀನಿ ನಾನು?"

"ಬಿಚ್ಚೋ ಕೆಲಸ ತಾನೆ? ನಾನು ಹಾಕಿದ ಹೊಲಿಗೆ. ಬಿಚ್ಚು."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಮಣೆಯ ಮೇಲೆ ಕೂತಳು. ಅರವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದರಲ್ಲಿ ಉಳೀಬೇಕಾದ ಬಟ್ಟೆ ಯಾವುದು, ಬಿಸಾಡೋದು ಯಾವುದು?"

"ಶಾಫ್ಟ್ ಉಳೀಬೇಕು. ಚಕ್ರ ಬಿಸಾಡೋದು."

"ಹಾಗಿದ್ಮೇಲೆ ಚುಕ್ಕೆ ಮೇಲೆ ಯಾಕೆ ಉಜ್ಜುತ್ತೀರಿ? ಬಿಸಾಡೋ ಬಟ್ಟೆ ಕಡೆಯಿಂದ ಕತ್ತರಿಸಬೇಕು."

ಮೇಸ್ತ್ರಿ ಹೆಂಡತಿಯ ಮುಖ ನೋಡಿದರು. ಮಗಳು ಅಪ್ಪನ ಮುಖ ನೋಡಿದಳು. ಮೂವತ್ತು ವರ್ಷದ ಕಸುಬಿನವರಿಗೆ ಹೊಳೆಯದೇ ಇದ್ದದ್ದೇನಲ್ಲ. ಆದರೆ ಇದನ್ನು ಇಷ್ಟು ಸಲೀಸಾಗಿ ಯಾರೂ ಅವರಿಗೆ ಹೇಳಿರಲಿಲ್ಲ.

ಅವಳು ಶುರುಮಾಡಿದಳು. ಚುಕ್ಕೆಗೆ ತಾಗಿದಂತೆ, ಸ್ಪ್ರಾಕೆಟ್ಟಿನ ಮೈಯಲ್ಲಿ, ಅರವನ್ನು ಒಂದೇ ಕಡೆಗೆ ತಳ್ಳುತ್ತ, ಎತ್ತಿ ಮತ್ತೆ ಹಿಂದಿಟ್ಟು ತಳ್ಳುತ್ತ. ಹೆಬ್ಬೆರಳನ್ನು ಶಾಫ್ಟಿನ ಪಕ್ಕ ಅಡ್ಡ ಇಟ್ಟಿದ್ದಳು, ಜಾರಿದರೆ ಮೊದಲು ತನಗೇ ತಾಗಲಿ ಎಂದು. ಬೂದು ಪುಡಿ ಸಕ್ಕರೆಯ ಹಾಗೆ ಕೆಳಗಿನ ಕಾಗದದ ಮೇಲೆ ಬಿತ್ತು. ಹತ್ತು ನಿಮಿಷಕ್ಕೆ ಒಂದು ದಾರದಷ್ಟು ಗೀರು. ಅರ್ಧ ಗಂಟೆಗೆ ಒಂದು ಅಕ್ಕಿಕಾಳು ಹೂಳುವಷ್ಟು ಆಳ. ನಡುವೆ ಎದ್ದು ಹಾಲು ಕಾಯಿಸಿ ಬಂದಳು, ಬಟ್ಟೆ ಎತ್ತಿ ಬಂದಳು, ಬಂದು ಬಿಟ್ಟಲ್ಲಿಂದಲೇ ಹಿಡಿದಳು. ಅವಳ ಕೈ ನೋಯುವಾಗ ಮಗಳು ಹಿಡಿದಳು, ಅಮ್ಮನ ಹಾಗೆ ಹೆಬ್ಬೆರಳು ಅಡ್ಡ ಇಟ್ಟು, ಆತುರ ಬಿಟ್ಟು. ಮೇಸ್ತ್ರಿ ಟಾರ್ಚು ಹಿಡಿದರು. ಬೆಳಕು ನಡುಗುತ್ತಿತ್ತು.

"ಅಮ್ಮಾ, ನನ್ನ ಯೂನಿಫಾರ್ಮಿನ ಅಂಚು?" ಎಂದಳು ಮಗಳು ನಡುವೆ.

"ಮಾಡೋಣ. ಮೊದಲು ಇದು."

ಐದು ಗಂಟೆಗೆ ಪಾನಾ ಗ್ರೈಂಡರನ್ನು ಹೆಗಲಿಗೆ ಹಾಕಿಕೊಂಡು ಬಂದ. ಗೇಟಿನಲ್ಲೇ ನಿಂತ. ಮಣೆಯ ಮೇಲೆ ಅಮ್ಮ, ಕೈಯಲ್ಲಿ ಅರ, ಮೂಗಿನ ಮೇಲೆ ಬೂದು ಪುಡಿ.

"ಅಕ್ಕ, ಏನು ನಡೀತಿದೆ ಇಲ್ಲಿ? ನನ್ನ ಕೆಲಸಕ್ಕೇ ಕಲ್ಲು ಹಾಕ್ತಿದೀರಾ?"

ಮೇಸ್ತ್ರಿ ಕುರ್ಚಿಯಿಂದ ಎದ್ದರು. ಟಾರ್ಚನ್ನು ಮಗಳ ಕೈಗೆ ಕೊಟ್ಟರು. "ಬಗ್ಗಿ ನೋಡೋ," ಎಂದರು.

ಪಾನಾ ಬಗ್ಗಿ ನೋಡಿದ. ಬಗ್ಗಿದವನು ಹಾಗೇ ಇದ್ದ. ಹಿಂದಿನ ಜೇಬಿನ ಪಾನಾ ಆಕಾಶ ನೋಡುತ್ತಿತ್ತು.

"ಇದು ನಿಮ್ಮ ಕೈ," ಎಂದ, ಎದ್ದೇಳದೆಯೇ.

"ನಂದೇ."

"ತಿರುಗೋದಕ್ಕೆ."

"ತಿರುಗೋದಕ್ಕೇ. ನಿನ್ನ ಮನೆಗೆ ಕಳಿಸಿದ ವರ್ಷವೇ. ನಿನ್ನನ್ನ ಬೀದಿಯಲ್ಲಿ ನಿಲ್ಲಿಸಿ ಬೈದೆ. ನಾನು ಮಾಡಿದ್ದನ್ನ ಕೊಳೆಯಲ್ಲಿ ಮುಚ್ಚಿಟ್ಟೆ. ತಪ್ಪಾಯ್ತು ಕಣೋ."

ಪಾನಾ ನೆಟ್ಟಗಾದ. ಗ್ರೈಂಡರನ್ನು ಮೆಲ್ಲಗೆ ನೆಲದ ಮೇಲಿಟ್ಟ. ಕೆನ್ನೆ ಕೆರೆದುಕೊಂಡ. ಅಮ್ಮ ಅರ ನಿಲ್ಲಿಸಿ ಕಾದಳು.

"ಹಾಗಾದ್ರೆ ಮೇಸ್ತ್ರಿ," ಎಂದ ಕೊನೆಗೆ, "ನೀವೂ ಒಂದು ತಿಂಗಳು ಮನೆಗೆ ಹೋಗಿ."

"ಎರಡು ವರ್ಷದಿಂದ ಮನೇಲೇ ಇದೀನಲ್ಲೋ."

"ಹಾಗಿದ್ರೆ ಶಿಕ್ಷೆ ಮುಗಿದಿದೆ ಬಿಡಿ. ನಾಳೆಯಿಂದ ನನ್ನ ಗ್ಯಾರೇಜಿಗೆ ಬನ್ನಿ. ಕೈ ಹಾಕೋದು ಬೇಡ. ಕೂತ್ಕೊಂಡು ನನ್ನ ಹುಡುಗರಿಗೆ ಬೈಯಿರಿ. ನಂಗೆ ನಿಮ್ಮಷ್ಟು ಚೆನ್ನಾಗಿ ಬೈಯೋಕೆ ಬರಲ್ಲ."

ಮೇಸ್ತ್ರಿ ಮೀಸೆ ಒರೆಸಿಕೊಂಡರು. ಅಮ್ಮ ಮತ್ತೆ ಅರ ಹಿಡಿದಳು.

ಮೊದಲ ಚುಕ್ಕೆ ಆಗಲೇ ಬಿಟ್ಟಿತ್ತು. ಎರಡನೆಯದು ಕೊನೆಯ ಎಳೆಯಲ್ಲಿ ಇತ್ತು. ಆರು ಗಂಟೆಗೆ, ಬೆಳಕು ಇನ್ನೂ ಚಪ್ಪರದ ಅಂಚಿನಲ್ಲಿರುವಾಗ, ಅರದ ಸದ್ದು ಬದಲಾಯಿತು. ಹೊಲಿಗೆಯ ಕೊನೆಯ ದಾರ ಕಡಿದಾಗ ಕೈಗೆ ತಿಳಿಯುತ್ತದಲ್ಲ, ಅಂಥದ್ದೇ ಒಂದು ಸಡಿಲ. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಪಾನಾ ಪುಲ್ಲರ್ ಹಾಕಿ ಅರ್ಧ ಸುತ್ತು ಬಿಗಿದ, ಮಗಳು ಹಿಂದಿನಿಂದ ಮರದ ತುಂಡಿನಿಂದ ಎರಡು ಸಲ ತಟ್ಟಿದಳು. ಸ್ಪ್ರಾಕೆಟ್ ಜಾರಿಕೊಂಡು ಬಂದು ಅಮ್ಮನ ಮಡಿಲಿಗೆ ಬಿತ್ತು, ಇಷ್ಟು ದಿನ ಯಾರೂ ಕರೆದೇ ಇರಲಿಲ್ಲ ಎಂಬಂತೆ.

ಅದರ ಹಿಂದೆ, ಶಾಫ್ಟಿನ ಬುಡಕ್ಕೆ, ಗ್ರೀಸಿನಲ್ಲಿ ಅದ್ದಿದ ಏನೋ ಒಂದು ಸುತ್ತಿಕೊಂಡಿತ್ತು. ಅಮ್ಮ ಎರಡು ಬೆರಳಿನಿಂದ ಎಳೆದಳು. ಬೆರಳಗಲದ ಬಟ್ಟೆಯ ಪಟ್ಟಿ. ಒಂದು ತುದಿ ಸುಟ್ಟಿತ್ತು. ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದಾಗ ಕಪ್ಪಿನ ಕೆಳಗಿನಿಂದ ನೀಲಿ ಬಂತು.

ಆ ನೀಲಿಯನ್ನು ಅವಳು ನಲವತ್ತೆರಡು ಸಲ ಕತ್ತರಿಸಿದ್ದಳು. ಹನ್ನೊಂದು ವರ್ಷದ ಹಿಂದೆ ಒಂದು ಶಾಲೆಯವರು ಮೊದಲ ಸಲ ಅವಳನ್ನು ನಂಬಿ ನಲವತ್ತೆರಡು ಮಕ್ಕಳ ಸಮವಸ್ತ್ರ ಕೊಟ್ಟಿದ್ದರು. ಬೆಳಗ್ಗೆ ಒಂಬತ್ತಕ್ಕೆ ತಲುಪಿಸಬೇಕಿತ್ತು. ಅವಳು ಕೊನೆಯ ಗುಂಡಿ ಹಾಕಿ ಗಂಟು ಹೊತ್ತು ಹೊರಗೆ ಬಂದಾಗ ಅಂಗಳದಲ್ಲಿ ಸುಟ್ಟ ವಾಸನೆ ಇತ್ತು. ಇವರು ಬೈಕಿನ ಪಕ್ಕದಿಂದ ಎದ್ದು, "ಆಯ್ತು, ಬೈಕ್ ಹತ್ತು" ಎಂದಿದ್ದರು. ಏನು ಮಾಡಿದಿರಿ ಎಂದು ಅವಳು ಕೇಳಿರಲಿಲ್ಲ. ಗಂಟನ್ನು ತಬ್ಬಿಕೊಂಡು ಅವರ ಬೆನ್ನಿಗೆ ಒರಗಿ ದಾರಿಯುದ್ದಕ್ಕೂ ತೂಕಡಿಸಿದ್ದಳು. ಆ ಶಾಲೆಯವರು ಇಂದಿಗೂ ಅವಳ ಹತ್ತಿರವೇ ಹೊಲಿಸುತ್ತಿದ್ದರು.

"ಬೋಲ್ಟಿನ ಥ್ರೆಡ್ ಸವೆದು ತಟ್ಟೆ ಬಿದ್ದುಹೋಗಿತ್ತು," ಎಂದರು ಮೇಸ್ತ್ರಿ, ಬಟ್ಟೆಯನ್ನು ನೋಡುತ್ತ. "ಚಕ್ರ ಆಚೆ ಈಚೆ ಆಡ್ತಿತ್ತು. ಅಷ್ಟು ಬೆಳಗ್ಗೆ ಅಂಗಡಿ ಎಲ್ಲಿ ತೆರೆದಿರುತ್ತೆ? ಸೀಲಿಗೆ ಬಿಸಿ ತಾಗದಿರಲಿ ಅಂತ ನಿನ್ನ ಕತ್ತರಿಸಿ ಉಳಿದ ತುಂಡು ಒದ್ದೆ ಮಾಡಿ ಹಿಂದೆ ತುರುಕಿದೆ. ಆಮೇಲೆ ಅದು ಬರಲೇ ಇಲ್ಲ."

"ನನ್ನ ಹತ್ರನಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಹತ್ತುತ್ತಿದ್ದೆಯಾ?"

ಅಮ್ಮ ಬಟ್ಟೆಯ ಪಟ್ಟಿಯನ್ನು ಹಿಂಡಿ, ಒಣಗಲು ತಂತಿಯ ತುದಿಗೆ ಸಿಕ್ಕಿಸಿದಳು. ಅವಳಿಗೆ ಉಳಿದಿದ್ದ ಸ್ವಲ್ಪ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಹೊಸ ಸ್ಪ್ರಾಕೆಟ್ ಮೂರು ನಿಮಿಷದಲ್ಲಿ ಕೂತಿತು. ಅದರ ಮೇಲೆ ಪಾನಾ ತಂದಿದ್ದ ಹೊಸ ತಟ್ಟೆ, ಎರಡು ಹೊಸ ಬೋಲ್ಟು. ಮಗಳೇ ಬಿಗಿದಳು. ಪಾನಾ ಚೈನು ಹಾಕಿದ, ಹಿಂದಿನ ಚಕ್ರ ತಿರುಗಿಸಿದ. ಟಕ್ ಟಕ್ ಇಲ್ಲ. ನುಣ್ಣಗೆ ಒಂದು ಸರಸರ ಸದ್ದು ಅಷ್ಟೇ.

ಸೋಮವಾರ ಬೆಳಗ್ಗೆ ಏಳಕ್ಕೆ ಮಗಳು ಬೂಟು ಕಟ್ಟಿಕೊಂಡು, ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಬಂದಳು. ಯೂನಿಫಾರ್ಮಿನ ಮೇಲಂಗಿ ಎಲ್ಲ ಸರಿಯಾಗಿತ್ತು, ಅಂಚೊಂದು ಬಿಟ್ಟು. ನಿನ್ನೆ ಇಡೀ ಮಧ್ಯಾಹ್ನ ಅರಕ್ಕೇ ಹೋಗಿತ್ತು, ರಾತ್ರಿ ನೋಯುವ ಬೆರಳಿಗೆ ಸೂಜಿ ಹಿಡಿಯಲಾಗಿರಲಿಲ್ಲ. ಅಮ್ಮ ಸೂಜಿ ದಾರ ಹಿಡಿದು ಅವಳ ಸುತ್ತ ಮೊಣಕಾಲೂರಿ, ಅವಳು ನಿಂತ ಹಾಗೇ ಅಂಚನ್ನು ಮಡಿಸಿ ದೊಡ್ಡ ದೊಡ್ಡ ಹೊಲಿಗೆ ಹಾಕುತ್ತ ಬಂದಳು.

"ಅಮ್ಮಾ, ಹೊತ್ತಾಯ್ತು."

"ಆಯ್ತು ಆಯ್ತು. ಅಲುಗಬೇಡ." ಕೊನೆಗೆ ಗಂಟು ಹಾಕದೆ ದಾರವನ್ನು ಹಲ್ಲಿನಿಂದ ಕಡಿದಳು. "ಸದ್ಯಕ್ಕೆ ಹಾಕಿದೀನಿ. ಸಂಜೆ ಬಂದಮೇಲೆ ಬಿಚ್ಚಿ ಸರಿಯಾಗಿ ಹೊಲೀತೀನಿ."

ಹೇಳಿದ ಮೇಲೆ ಅವಳಿಗೇ ಕೇಳಿಸಿತು. ಮೇಸ್ತ್ರಿ ಗೇಟಿನ ಹತ್ತಿರ, ಪಾನಾನ ಗ್ಯಾರೇಜಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. ಅವರು ಬಗ್ಗಿ ಬೈಕಿನ ಚೈನನ್ನು ಒಂದು ಸಲ ಬೆರಳಿನಿಂದ ಎತ್ತಿ ನೋಡಿದರು, ನೋಡುವ ಅಗತ್ಯ ಇರದಿದ್ದರೂ. ಮೀಸೆಯೊಳಗಿನ ನಗುವಿಗೆ ಅವರ ಹೆಗಲು ಅಲುಗುತ್ತಿತ್ತು.

ಮಗಳು ಕಿಕ್ ಹೊಡೆದಳು. ಮೇಸ್ತ್ರಿ ಗೇಟ್ ತೆಗೆದರು. ಬೈಕು ಬೀದಿಗಿಳಿದು, ಪಾನಾನ ಅಂಗಡಿ ದಾಟಿ, ಏರನ್ನು ಹತ್ತಿತು. ಅಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಕಿವಿಗೊಟ್ಟು ನಿಂತಳು. ಏರು ಮುಗಿಯುವವರೆಗೂ ಚೈನು ಒಂದು ಸಲವೂ ಹಾರಲಿಲ್ಲ.